ಮದುಮಗಳಿಗೆ ಒಂದು ಮಾತು

ಬಸವಕಲ್ಯಾಣದ ಆ ಮನೆಯ ಮುಂದೆ ಹಂದರ ಹಾಕುತ್ತಿದ್ದರು. ಸ್ನೇಹಲ ಹೊಸ್ತಿಲು ದಾಟುವ ಮೊದಲೇ ಮದುಮಗಳ ತಾಯಿ ಅಡ್ಡ ನಿಂತಳು.

"ಕುನಾಲ ನಿನ್ನ ಬಿಟ್ಟಾಯ್ತಲ್ಲ? ಈಗ ನನ್ನ ಮಗಳ ಲಗ್ನ ಮುರಿಯಾಕ ಬಂದೀ ಏನು?"

"ಮನೀಷಾನ ಕೂಡ ಒಂದು ಮಾತು ಆಡಿ ಹೋಗ್ತೀನ್ರಿ."

ಹುಮನಾಬಾದಿನಿಂದ ಬಸ್ಸಿನಲ್ಲಿ ಬರುವಾಗ ಆ ಮಾತನ್ನೇ ಮನಸ್ಸಿನಲ್ಲಿ ಕಟ್ಟುತ್ತ ಬಂದಿದ್ದಳು.

ಕುನಾಲನ ಮನೆಯಲ್ಲಿ ಅವಳಿಗೆ ಮಕ್ಕಳಾಗಲಿಲ್ಲ. ಕಳೆದ ವರ್ಷ ಕಿಬ್ಬೊಟ್ಟೆಯ ನೋವು, ಜ್ವರ ಶುರುವಾದವು. ಅತ್ತೆ ಮುಕ್ತಾಬಾಯಿ ಬಂಜೆ ಎಂದಳು. ಹುಮನಾಬಾದಿನ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಗೊನೊರಿಯಾ ಎಂದರು. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಹತ್ತುವ ರೋಗ.

"ಮೊದಲು ಗುಳಿಗಿಗೆ ಸಾಯ್ತಿದ್ದ ಕ್ರಿಮಿ ಈಗ ಸಾಯವಲ್ಲದು. ಸೂಜಿನೇ ಬೇಕು. ಗಂಡನ್ನೂ ಕರ್ಕೊಂಡು ಬಾ."

ಕುನಾಲ ಬರಲಿಲ್ಲ. ಉರಿಮೂತ್ರ ಬಂದಾಗ ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ನುಂಗಿದ್ದ, ಉರಿ ಕಡಿಮೆಯಾಗಿತ್ತು. "ನನಗೇನೂ ಆಗಿಲ್ಲ. ರೋಗ ನೀನೇ ತಂದೀ," ಎಂದ. ಊರ ಪಂಚರೂ ಅದನ್ನೇ ನಂಬಿ ಸಂಬಂಧ ಬಿಡಿಸಿದರು.

ತವರಿಗೆ ಬಂದ ಮೇಲೆ ಸೂಜಿ ಮಾಡಿಸಿಕೊಂಡಳು. ರೋಗ ಹೋಯಿತು. ಗರ್ಭನಾಳಗಳು ಮಾತ್ರ ಆಗಲೇ ಮುಚ್ಚಿಹೋಗಿದ್ದವು.

ಅತ್ತ ಮುಕ್ತಾಬಾಯಿ ಮೊಮ್ಮಗನ ಆಸೆಗೆ ಬೇರೆ ಹೆಣ್ಣು ನೋಡಲು ಹೊರಟಳು. ಮಗ ಹೆಚ್ಚು ಅಲೆಸಲಿಲ್ಲ. ಬಸವಕಲ್ಯಾಣದ ಈ ಒಂದೇ ಹುಡುಗಿಯನ್ನು ನೋಡಿ, ಹೂಂ ಅಂದ.

"ಒಳಗ ಬರ್ರಿ ಅಕ್ಕಾ."

ಮನೀಷಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖದ ತುಂಬ ಅರಿಶಿಣ, ಒಣಗಿದ ತುಟಿ.

"ಲಗ್ನದ ಧಾವತಿಗೆ ಜ್ವರ ಬಂದಾವ," ತಾಯಿ ಗೊಣಗಿದಳು. "ಜಲ್ದಿ ಮಾತಾಡಿ ಹೋಗು."

ಒಳಕೋಣೆಯ ಬಾಗಿಲನ್ನು ಮನೀಷಾಳೇ ಮುಚ್ಚಿದಳು. ಸ್ನೇಹಲ ಕೂಡಲಿಲ್ಲ. ಕೂತರೆ ಧೈರ್ಯ ಉಡುಗೀತು ಎನಿಸಿತು.

"ನಾ ಹೊಟ್ಟಿಕಿಚ್ಚಿಗೆ ಬಂದಿಲ್ಲ ತಂಗಿ. ಅಂವಗ ಒಂದು ರೋಗ ಅದ. ನನ್ನ ಬಾಳೇವು ಅದರಿಂದನೇ ಹಾಳಾತು. ಲಗ್ನಕ್ಕಿಂತ ಮೊದಲ ತಪಾಸಣಿ ಮಾಡಸು. ಗುಳಿಗಿಗೆ ಅದು ಹೋಗೂದಿಲ್ಲ. ನಿನಗರ ಹತ್ತಬಾರದು."

ಹುಡುಗಿ ಕಿರುಚುತ್ತಾಳೆ, ತಾಯಿಯನ್ನು ಕರೆಯುತ್ತಾಳೆ ಎಂದುಕೊಂಡಿದ್ದಳು. ಮನೀಷಾ ಕಿಬ್ಬೊಟ್ಟೆ ಒತ್ತಿಹಿಡಿದು ಮೆಲ್ಲಗೆ ನೆಲಕ್ಕೆ ಕುಸಿದಳು.

"ಗೊತ್ತದ ಅಕ್ಕಾ," ಎಂದಳು. "ನೀವಿನ್ನೂ ಆ ಮನ್ಯಾಗ ಇದ್ದಾಗಿಂದ ನಾನೂ ಅವೇ ಗುಳಿಗಿ ನುಂಗಾಕತ್ತೀನಿ."