ಅಜ್ಜಿ ಹಿಡಿದ ಕಂಬಿ

ಒಂದಾನೊಂದು ಓಣಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಊರಿನ ಕಾರುಗಳೆಲ್ಲ ಅವನ ಕೈಯಲ್ಲಿ ನೆಟ್ಟಗಾಗುತ್ತಿದ್ದವು. ಅವನ ಮನೆಯ ಕೆಂಪು ಕಾರು ಮಾತ್ರ ತಿರುವು ಬಂದರೆ ಸಾಕು, ತೂಕಡಿಸುವ ಮಗುವಿನಂತೆ ಪಕ್ಕಕ್ಕೆ ವಾಲುತ್ತಿತ್ತು. ಅವನಿಗೊಬ್ಬಳು ಮಗಳು. ಅವಳು ಅಂತಸ್ತಿನ ಮೇಲೆ ಅಂತಸ್ತಿಟ್ಟು ಕೇಕು ಮಾಡಿ, ಆ ಕಾರಿನಲ್ಲೇ ಮನೆಮನೆಗೆ ಮುಟ್ಟಿಸುತ್ತಿದ್ದಳು. ಕಥೆಯಂತೆ ಇದ್ದದ್ದು ಇಲ್ಲಿಯವರೆಗೆ ಮಾತ್ರ. ಇವತ್ತು ಬೆಳಿಗ್ಗೆ ಅವಳು ವಾಪಸು ಬಂದಾಗ ಕೂದಲ ತುಂಬ ಕ್ರೀಮು, ಮುಖ ಬಿಳಿಚಿಕೊಂಡಿತ್ತು.

“ಕಾಲುವೆ ತಿರುವಲ್ಲಿ ಸೈಕಲ್ ಅಡ್ಡ ಬಂತಪ್ಪ. ಸ್ಟೇರಿಂಗ್ ತಿರುಗಿಸಿದ್ದಷ್ಟೇ, ಕಾರು ಪೂರಾ ವಾಲಿ ಗೋಡೆಗೆ ಉಜ್ಜಿಬಿಡ್ತು.”

“ನಿನಗೇನಾಯ್ತು? ಪೆಟ್ಟಾಯ್ತಾ?”

“ನನಗೇನಿಲ್ಲ, ಕೇಕು ಹೋಯ್ತು. ಸಂಜೆ ಇನ್ನೊಂದು ಅದೇ ದಾರೀಲಿ ಹೋಗ್ಬೇಕು. ನಾನು ತರಿಸಿಕೊಟ್ಟ ಆ ಬಾರ್ ಈಗ್ಲೇ ಹಾಕು.”

“ನಾಳೆ ಖಂಡಿತ…”

“ನಿನ್ನ ನಾಳೆಗೆ ಮೀಸೆ ಬಂದಿದೆ ಅಪ್ಪ!”

ಕಾರಿನ ಹಿಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಒಂದು ಉಕ್ಕಿನ ಕಂಬಿ ಇರುತ್ತದೆ. ಆ್ಯಂಟಿ-ರೋಲ್ ಬಾರ್ ಅನ್ನುತ್ತಾರೆ. ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ಕುಸಿಯಹೊರಟರೆ, ಬೀಳುವವನ ರಟ್ಟೆ ಹಿಡಿದಂತೆ ತಡೆಯುವುದು ಅದೇ. ಹಳೆಯದು ಸೋತಿರಬೇಕೆಂದು ಮಗಳು ಅದಕ್ಕಿಂತ ದಪ್ಪನೆಯದನ್ನು ತರಿಸಿಕೊಟ್ಟಿದ್ದಳು. ಅದು ಅಪ್ಪನ ಮೇಜಿನ ಕೆಳಗೆ, ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಮಲಗಿತ್ತು.

ಅವಳು ತಾನೇ ಜಾಕ್ ಹಚ್ಚಿ ಕಾರೆತ್ತಿದಳು, ಸ್ಟ್ಯಾಂಡು ಕೊಟ್ಟಳು. “ಬೇಡ ಕಣೇ, ನಾನೇ…” ಎಂದು ಅಪ್ಪ ಓಡಿಬರುವಷ್ಟರಲ್ಲಿ ಅವಳು ಟಾರ್ಚ್ ಹಿಡಿದು ಕೆಳಗೆ ಜಾರಿಕೊಂಡಿದ್ದಳು. ಆಮೇಲೆ ಕಾರಿನಡಿಯಿಂದ ದನಿ ಬಂತು.

“ಅಪ್ಪ, ಇಲ್ಲಿ ಕಂಬಿಯೇ ಇಲ್ಲ.”

ಅಪ್ಪ ಸ್ಪ್ಯಾನರ್ ಒರೆಸುತ್ತ ನಿಂತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಸೋತಿಲ್ಲ, ಸವೆದಿಲ್ಲ. ಇಲ್ಲವೇ ಇಲ್ಲ! ನಾನಿಷ್ಟು ದಿನ ಯಾವ ಕಾರು ಓಡಿಸ್ತಿದ್ದೆ?”

ಅವಳು ಹೊರಗೆ ಬಂದು ಹೊಸ ಕಂಬಿಯ ಪ್ಲಾಸ್ಟಿಕ್ ಹರಿದಳು. ಉದ್ದನೆಯ ನಡು, ಎರಡೂ ತುದಿಯಲ್ಲಿ ಮೊಣಕೈ ಮಡಚಿದಂಥ ಬಾಗು. ಈ ಬಾಗನ್ನು ನಾನು ದಿನಾ ನೋಡುತ್ತೇನಲ್ಲ, ಅಂದುಕೊಂಡಳು. ಎಲ್ಲಿ? ನೋಡುವುದಷ್ಟೇ ಅಲ್ಲ, ಅದರ ಮೇಲೆ ಟವೆಲು ಒಣಹಾಕುತ್ತೇನೆ.

ಬಚ್ಚಲಿಗೆ ಓಡಿದಳು. ಅಜ್ಜಿ, ಅಪ್ಪನ ತಾಯಿ, ಆಗತಾನೆ ಮುಖ ತೊಳೆದು, ಗೋಡೆಯ ಬಿಳಿ ಹಿಡಿಕೆ ಹಿಡಿದು ಏಳುತ್ತಿದ್ದಳು. ಅಜ್ಜಿ ಜಾರಿ ಬಿದ್ದ ವರ್ಷ ಅಪ್ಪ ಹಾಕಿಕೊಟ್ಟ ಹಿಡಿಕೆ. ಮಗಳು ಹೊಸ ಕಂಬಿಯನ್ನು ಅದರ ಪಕ್ಕಕ್ಕೆ ಹಿಡಿದಳು. ಅದೇ ನಡು, ಅದೇ ಮೊಣಕೈ. ಗೋಡೆಗೆ ಬಿಗಿದ ಎರಡು ಕ್ಲ್ಯಾಂಪುಗಳೂ ಕಾರಿನವೇ.

“ಅಪ್ಪ!”

“ಅಂಗಡಿ ಪೈಪು ಬಾಗುತ್ತೆ ಕಣಮ್ಮ,” ಅಪ್ಪ ಬಾಗಿಲಲ್ಲಿ ನಿಂತಿದ್ದ. “ಅಮ್ಮನ ಭಾರಕ್ಕೆ ಕಾರಿನ ಉಕ್ಕೇ ಬೇಕು ಅನ್ನಿಸ್ತು. ನಾಳೆ ಕಾರಿಗೆ ಬೇರೆ ತರೋಣ ಅಂತ ಬಿಚ್ಚಿದೆ. ಆಮೇಲೆ ಆ ಮಾಡೆಲ್ಲೇ ನಿಂತುಹೋಗಿ, ಬೇರೆ ಕ್ಲ್ಯಾಂಪು ಎಲ್ಲೂ ಸಿಗಲಿಲ್ಲ. ನೀನು ತಂದಿದ್ದಕ್ಕೂ ಈ ಕ್ಲ್ಯಾಂಪೇ ಬೇಕು. ಇದನ್ನ ಬಿಚ್ಚಿದ್ರೆ ಅಮ್ಮ ಏನು ಹಿಡ್ಕೋತಾಳೆ?”

ಅಜ್ಜಿ ಮೊಮ್ಮಗಳ ಕೂದಲ ಕ್ರೀಮು ನೋಡಿದಳು. ತನ್ನ ಕೈ ನೋಡಿದಳು. “ಇದು ಕಾರಿಂದಾ?” ಎಂದವಳು ಕೆಂಡ ಮುಟ್ಟಿದಂತೆ ಹಿಡಿಕೆ ಬಿಟ್ಟಳು. ಬಿಟ್ಟದ್ದೇ ಕಾಲು ತಡವರಿಸಿತು. ಮಗಳು ನುಗ್ಗಿ ತೋಳಲ್ಲಿ ಹಿಡಿದಳು.

“ಲೋ, ಬಿಚ್ಚೋ ಇದನ್ನ!”

“ಅಮ್ಮ, ಬೇರೆ ಹಿಡಿಕೆ ತಂದ್ಮೇಲೆ…”

“ನಾನು ಬಿದ್ರೆ ಬಚ್ಚಲಲ್ಲಿ ಬೀಳ್ತೀನಿ. ಈ ಪುಟ್ಟಿ ಬಿದ್ರೆ ಎಲ್ಲಿ ಬೀಳ್ತಾಳೆ? ಕಥೇಲಿ ರಾಕ್ಷಸ ಕೂಡ ಕೇಳಿ ತಗೋತಾನೆ. ನೀನು ಒಂದು ಮಾತು ಹೇಳಿದ್ಯಾ?”

ಅಪ್ಪ ಬಿಚ್ಚಿದ. ಗೋಡೆಯಲ್ಲಿ ತೂತುಗಳು ಉಳಿದವು. ಮಧ್ಯಾಹ್ನದ ಊಟವನ್ನೂ ಬಿಟ್ಟು ಹಳೆಯ ಕ್ಲ್ಯಾಂಪು ತಿಕ್ಕಿದ, ಹೊಸ ರಬ್ಬರು ಕೂರಿಸಿದ, ದಪ್ಪನೆಯ ಕಂಬಿಯನ್ನು ಕಾರಿನಡಿ ಎತ್ತಿಕಟ್ಟಿ ನಟ್ಟುಗಳನ್ನು ಬಿಗಿದ. ಕೊನೆಗೆ ಓಡಿಸಿ ನೋಡುವುದಷ್ಟೇ ಬಾಕಿ ಉಳಿಯಿತು. “ನಾನೂ ಬರ್ತೀನಿ,” ಎಂದು ಅಜ್ಜಿ ಹಿಂದೆ ಹತ್ತಿ ಕೂತಳು. ಹಳೆಯ ಕಂಬಿ ಅವಳ ಮಡಿಲಲ್ಲಿತ್ತು. ಎಷ್ಟು ಹೇಳಿದರೂ ಕೆಳಗಿಡಲಿಲ್ಲ.

ಅಪ್ಪ ಕಾಲುವೆಯ ಕಡೆಗೇ ಹೊರಟ. ತಿರುವು ಬಂತು. ಹಳೇ ಅಭ್ಯಾಸಕ್ಕೆ ಮೂವರೂ ಪಕ್ಕಕ್ಕೆ ವಾಲಿದರು. ಕಾರು ಮಾತ್ರ ಅಂಗೈ ಮೇಲಿಟ್ಟಂತೆ ನೆಟ್ಟಗೆ ತಿರುಗಿತು. “ಅಯ್ಯೋ, ಹೀಗಿರುತ್ತಾ ಕಾರು ಅಂದ್ರೆ!” ಎಂದು ಮಗಳು ನಕ್ಕೇಬಿಟ್ಟಳು.

ಅಪ್ಪ ನಗಲಿಲ್ಲ. ಗೋಡೆಗೆ ಉಜ್ಜಿತು ಅಂದಿದ್ದಳಷ್ಟೇ. ಆ ಗೋಡೆಯಲ್ಲಿ ಒಬ್ಬ ಆಳು ದಾಟುವಷ್ಟು ಅಗಲಕ್ಕೆ ಇಟ್ಟಿಗೆಯೇ ಇರಲಿಲ್ಲ. ಒಡೆದ ಅಂಚಿಗೆ ಕೆಂಪು ಬಣ್ಣ ಮೆತ್ತಿತ್ತು. ಅದರಾಚೆ, ಬಹಳ ಕೆಳಗೆ, ನೀರು ಸುಮ್ಮನೆ ಹರಿಯುತ್ತಿತ್ತು.

ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಎಂಜಿನ್ ಆರಿಸಿದ ಮೇಲೂ, ಬೀಳುವವನಂತೆ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದೇ ಕೂತಿದ್ದ. ಹಿಂದಿನಿಂದ ಅಜ್ಜಿ, ಹಳೆಯ ಕಂಬಿಯ ಒಂದು ತುದಿಯನ್ನು ಮೆಲ್ಲಗೆ ಮುಂದಕ್ಕೆ ಚಾಚಿದಳು.

“ಹಿಡ್ಕೋ,” ಅಂದಳು.