ನೀರು ಬಿಡದ ಮಿಷನ್, ಮಾತು ಬಿಟ್ಟ ಮಾವ

ಪಾತ್ರೆ ತೊಳೆಯುವ ಮಿಷನ್ನು ನೀರು ಹೊರಗೆ ಬಿಡುವುದಿಲ್ಲವೆಂದು ಹಟ ಹಿಡಿದದ್ದೂ ಮಾವನವರು ಬಾಯಿಗೆ ಬೀಗ ಹಾಕಿಕೊಂಡದ್ದೂ ಒಂದೇ ಬೆಳಗ್ಗೆ. ಎರಡರಲ್ಲಿ ಯಾವುದಕ್ಕೆ ಮೊದಲು ಹೆದರಬೇಕೋ ಸೊಸೆಗೆ ತಿಳಿಯಲಿಲ್ಲ. ಮಿಷನ್ನಿನ ತಳದಲ್ಲಿ ಕಲಗಚ್ಚಿನಂಥ ನೀರು ಕಲಕಿ ನಿಂತಿತ್ತು. ನಡುಮನೆಯಲ್ಲಿ ಮಾವನವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಜೀವಮಾನವಿಡೀ ಹೆಡ್ಮಾಸ್ತರಾಗಿದ್ದ ಮನುಷ್ಯ. ನೀರು ಬೇಕಾ ಎಂದು ಕೇಳಿದರೂ ಶಿಸ್ತಿನ ಮೇಲೊಂದು ಭಾಷಣ ಬಿಗಿಯುವವರು. ಅಂಥವರು ಈಗ ಹೂಂ ಎನ್ನುವುದಕ್ಕೂ ಬಾಯಿ ಬಿಡಲೊಲ್ಲರು. ತಿಂಡಿಯ ತಟ್ಟೆಯನ್ನು ಕೈಯಿಂದಲೇ ದೂರ ಸರಿಸಿದರು. ಕುಡಿದದ್ದು ಒಂದು ಲೋಟ ಹಾಲು, ಅದೂ ಗೋಡೆಯ ಕಡೆ ತಿರುಗಿಕೊಂಡು.

ತಪ್ಪು ತನ್ನದೇ ಎಂದು ಅವಳಿಗೆ ಖಾತ್ರಿಯಾಯಿತು. ಸೋಪಿನ ನೀರಿಗೆ ಅಂಗೈ ಬಿರಿದು ರಕ್ತ ಜಿನುಗುತ್ತಿತ್ತು, ಡಾಕ್ಟರು ಪಾತ್ರೆ ಮುಟ್ಟಲೇಬೇಡಿ ಎಂದಿದ್ದರು, ಅದಕ್ಕೇ ಮನೆಗೆ ಮಿಷನ್ ಬಂದದ್ದು. ಆದರೆ ಮಾವನವರಿಗೂ ಅದಕ್ಕೂ ಬಂದ ದಿನದಿಂದ ಎಣ್ಣೆ ಸೀಗೆಕಾಯಿ. ಅದನ್ನು ಅವರು ಕರೆಯುತ್ತಿದ್ದದ್ದೇ 'ಎಂಜಲು ನೆಕ್ಕೋ ಪೆಟ್ಟಿಗೆ' ಎಂದು. ಹಿಂದಿನ ದಿನ ಅವಳು ತಾಳ್ಮೆಗೆಟ್ಟು, ಅದರಷ್ಟು ಶುದ್ಧವಾಗಿ ಈ ಮನೇಲಿ ಯಾರೂ ತೊಳೆಯಲ್ಲ ಮಾವ, ಸುಡುಸುಡು ನೀರಲ್ಲಿ ತೊಳೆಯುತ್ತೆ, ಒಂದು ಕ್ರಿಮೀನೂ ಉಳಿಯಲ್ಲ ಎಂದುಬಿಟ್ಟಿದ್ದಳು. ಮದುವೆಯಾಗಿ ಬಂದಮೇಲೆ ಅವಳು ಕೊಟ್ಟ ಮೊದಲ ಎದುರುತ್ತರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗಂಡ ಮಿಷನ್ನಿನ ಜೊತೆ ಬಂದ ಪುಸ್ತಕ ಹಿಡಿದು, ನೀರು ಹೋಗುವ ಪೈಪು ಎಲ್ಲಾದರೂ ಮಡಚಿಕೊಂಡಿದೆಯೇ ಎಂದು ಸಿಂಕಿನ ಕೆಳಗೆ ತೂರಿ, ತಲೆ ಚಚ್ಚಿಸಿಕೊಂಡು ಈಚೆಗೆ ಬಂದ. ಪೈಪು ನೆಟ್ಟಗಿತ್ತು. ಕಂಪನಿಗೆ ಫೋನು ಮಾಡಿದರೆ, ತಳದ ಜಾಲರಿಯಲ್ಲಿ ಏನಾದರೂ ಸಿಕ್ಕಿಕೊಂಡಿರಬಹುದು, ಕೈ ಹಾಕಿ ನೋಡಿ ಎಂದರು. ಸೊಸೆ ತೋಳು ಮಡಚಿದಳೋ ಇಲ್ಲವೋ, ಮಾವನವರು ಓಡಿಬಂದು ಮಿಷನ್ನಿನ ಬಾಗಿಲನ್ನು ಧಡ್ಡನೆ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತರು. ಮರುದಿನ ನಸುಕಿನಲ್ಲಿ ಮಿಷನ್ನೇ ಕುಂಯ್ ಕುಂಯ್ ಎಂದು ಕೂಗಿಕೊಂಡಿತು. ಇಬ್ಬರೂ ಎದ್ದುಬಂದು ನೋಡಿದರೆ, ತೆರೆದ ಬಾಗಿಲ ಮುಂದೆ ಮಾವನವರು ಉದ್ದನೆಯ ಸೌಟು ಹಿಡಿದು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು.

"ನೋಡಿದ್ಯಾ? ಕೆಡಿಸಿದ್ದು ಅಪ್ಪಾನೇ," ಎಂದ ಗಂಡ, ರೂಮಿಗೆ ಬಂದು ದನಿ ತಗ್ಗಿಸಿ. "ಊಟ ಬಿಟ್ಟಿದ್ದಾರೆ, ಮಾತು ಬಿಟ್ಟಿದ್ದಾರೆ. ಈ ವಯಸ್ಸಲ್ಲಿ ಏನಾದ್ರೂ ಆದ್ರೆ? ವಾಪಸ್ ಕೊಟ್ಟುಬಿಡೋಣ."

ಅವಳು ತನ್ನ ಅಂಗೈ ನೋಡಿಕೊಂಡಳು. ಅಳು ಬಂತು. ಆದರೂ ಆಗಲಿ ಎಂದಳು. ಒಂದು ಡಬ್ಬಕ್ಕಾಗಿ ಮಾವನನ್ನು ಉಪವಾಸ ಕೆಡವಿದಳು ಎಂಬ ಮಾತು ಯಾರಿಗೆ ಬೇಕು?

ಅಂಗಡಿಯಿಂದ ಇಬ್ಬರು ಹಗ್ಗ ಹಿಡಿದು ಬಂದರು. ಒಬ್ಬ ಪೈಪಿಗೆ ಕೈ ಹಾಕಿದ್ದೇ ತಡ, ಮಾವನವರು ಪೇಪರು ಎಸೆದು ಬಂದು ಮಿಷನ್ನನ್ನು ತಬ್ಬಿಕೊಂಡರು. ಬಿಡಿಸಲು ಹೋದರೆ ಇನ್ನೂ ಗಟ್ಟಿಯಾಗಿ ಅವುಚಿದರು. ಬೇಡ ಬೇಡ ಅಂತ ಕುಣಿದದ್ದು ನೀವೇ ಅಲ್ವಾ ಅಪ್ಪ ಎಂದು ಮಗ ಕೇಳಿದ್ದಕ್ಕೆ, ಹೌದೋ ಅಲ್ಲವೋ ಬ್ರಹ್ಮನಿಗೂ ತಿಳಿಯದ ಹಾಗೆ ತಲೆ ಆಡಿಸಿದರು. ಯಜಮಾನರಿಗೆ ಹುಷಾರಿಲ್ವಾ ಎಂದು ಅಂಗಡಿಯವನೊಬ್ಬ ಪಿಸುಗುಟ್ಟಿದ. ಮಿಷನ್ನಿಗೆ ಒತ್ತಿಕೊಂಡಿದ್ದ ಆ ಕೆನ್ನೆಯನ್ನು ಸೊಸೆ ಆಗ ಹತ್ತಿರದಿಂದ ನೋಡಿದಳು. ಕೆನ್ನೆ ಒಳಕ್ಕೆ ಇಳಿದಿತ್ತು. ತುಟಿ, ದಾರ ಎಳೆದು ಬಿಗಿದ ಚೀಲದ ಬಾಯಿಯಂತೆ ಸುಕ್ಕುಸುಕ್ಕಾಗಿತ್ತು. ಅವಳಿಗೆ ತಟ್ಟನೆ ಹೊಳೆಯಿತು. ಗಂಡನನ್ನೂ ಅಂಗಡಿಯವರನ್ನೂ ಹೊರಗೆ ಕಳಿಸಿ ಅಡುಗೆಮನೆಯ ಬಾಗಿಲು ಹಾಕಿದಳು.

ಸ್ವಿಚ್ಚು ಆರಿಸಿ, ನೀರನ್ನು ಲೋಟದಲ್ಲಿ ಮೊಗೆಮೊಗೆದು ಬಕೆಟ್ಟಿಗೆ ಸುರಿದಳು. ಬಿರಿದ ಕೈಯನ್ನೇ ತಳಕ್ಕೆ ಇಳಿಸಿದಳು, ಚುರುಚುರು ಉರಿಯಿತು. ಜಾಲರಿಯ ಮೇಲೆ ಒಂದು ಕರವಸ್ತ್ರ ಅಂಟಿಕೂತು ನೀರಿನ ದಾರಿಯನ್ನೇ ಮುಚ್ಚಿತ್ತು. ಎಳೆದರೆ ಅದೊಂದು ಗಂಟು. ಬಿಚ್ಚಿದರೆ, ಮೇಲೊಂದು ಕೆಳಗೊಂದು, ಎರಡು ಸಾಲು ಹಲ್ಲು ಅವಳನ್ನು ನೋಡಿ ಕಿಸಕ್ಕೆಂದವು.

ಅವಳು ನಗಲಿಲ್ಲ. ಹಲ್ಲನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದು, ಮುಖ ಆಚೆ ತಿರುಗಿಸಿ, ಕೈಯನ್ನಷ್ಟೇ ಹಿಂದಕ್ಕೆ ಚಾಚಿದಳು. ಬೆನ್ನ ಹಿಂದೆ ಟಕ್ ಎಂಬ ಸದ್ದಾಯಿತು.

"ನಿಮ್ಮತ್ತೆ ಇರೋವರೆಗೂ ದಿನಾ ಅವಳೇ ತೊಳೆದು ಕೊಡ್ತಿದ್ದಳು," ಎಂದಿತು ದನಿ, ಮೆಲ್ಲಗೆ. "ನನಗೆ ಸರಿಯಾಗಿ ಬರಲ್ಲಮ್ಮ. ಒಂದು ಕ್ರಿಮೀನೂ ಉಳಿಯಲ್ಲ ಅಂದೆಯಲ್ಲ, ಅದಕ್ಕೇ ಇಟ್ಟೆ. ಆ ಬಿಸಿಗೆ ಈಗ ಸ್ವಲ್ಪ ಬಿಗಿಯಾಗಿದೆ. ಇದು ಕಟ್ಟಿಸಿದ ಹಲ್ಲು ಅಂತ ನಿನ್ನ ಗಂಡನಿಗೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ ಮಾವ," ಎಂದಳು ಅವಳು, ತಿರುಗದೆ.

ಸ್ವಿಚ್ಚು ಹಾಕಿ ಗುಂಡಿ ಒತ್ತಿದಳು. ಮಿಷನ್ನು ಉಳಿದ ನೀರನ್ನೆಲ್ಲ ಗೊಳಗೊಳ ಉಗುಳಿತು. ಮಾವನವರು ಬಾಗಿಲು ತೆರೆದು ಹೊರಗೆ ಹೋಗಿ, ಒಂದು ವಸ್ತುವಿನ ಗುಣ ತಿಳಿಯದೆ ಅದನ್ನು ಮನೆಯಿಂದಾಚೆ ಹಾಕುವ ಅವಿವೇಕದ ಬಗ್ಗೆ ಎಂಥ ಭಾಷಣ ಬಿಗಿದರೆಂದರೆ, ಅಂಗಡಿಯವರು ಹಗ್ಗವನ್ನೂ ಬಿಟ್ಟು ಓಡಿದರು. ಮಗ ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಂತ.

ಆ ರಾತ್ರಿ ಊಟವಾದ ಮೇಲೆ ಹೆಂಡತಿಯ ಜೊತೆ ಮಿಷನ್ನಿಗೆ ಪಾತ್ರೆ ಜೋಡಿಸುತ್ತಿದ್ದ ಗಂಡ ಅದರ ಮೇಲಿನ ಸಾಲಿನ ಮೂಲೆ ತೋರಿಸಿದ.

"ಇಲ್ಲಿ ಇನ್ನೊಂದು ಲೋಟ ಹಿಡಿಯುತ್ತಲ್ಲ, ಯಾಕೆ ಖಾಲಿ ಬಿಟ್ಟಿದ್ದೀಯ?"

"ಅದು ಮಾವನ ಜಾಗ," ಎಂದಳು ಅವಳು.

ಗಂಡ ಅರ್ಥವಾಗದೆ ನಡುಮನೆಯ ಕಡೆ ನೋಡಿದ.

"ಬಿಸಿ ಸ್ವಲ್ಪ ಕಮ್ಮಿ ಇರಲಮ್ಮ," ಎಂದಿತು ಪೇಪರಿನ ಹಿಂದಿನ ದನಿ.