ನಗರಕ್ಕೆ ಸೇರುವ ಹಿಂದಿನ ದಿನ

ಪಂಚಾಯ್ತಿಯವರು ತಮಟೆ ಹೊಡೆಸಿ, ಊರು ನಗರಸಭೆಗೆ ಸೇರುತ್ತದೆಂದು ಸಾರಿ ಹೋದಾಗಿನಿಂದ ಅಪ್ಪ ಅನ್ನ ನೀರು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ. ಮಗಳು ಪುಟ್ಟತಾಯಿ ಕೈಮುಗಿದಳು, ಬೈದಳು, ಕೊನೆಗೆ ಅತ್ತೇಬಿಟ್ಟಳು. "ಹೊಟ್ಟೆಗೆ ಏನಾದರೂ ಹೋದರೆ ಎದ್ದು ಓಡಾಡ್ತಾರೆ" ಎಂದಿದ್ದರು ಡಾಕ್ಟರು. ಹೋಗದಿದ್ದರೆ ಏನೆಂದು ಅವರು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಗಂಜಿಯ ಬಟ್ಟಲು ಹಿಡಿದು ಮತ್ತೆ ಅವನ ಪಕ್ಕದಲ್ಲಿ ಕೂತಳು.

"ಒಂದು ಗುಟುಕು ಕುಡಿಯಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಊರು ಸಿಟಿಗೆ ಸೇರಿದ್ರೆ ಮನೆ ಮುಂದಕ್ಕೇ ನಲ್ಲಿ ಬರ್ತದಂತೆ, ಬೀದಿ ತುಂಬಾ ಲೈಟಂತೆ. ಅದನ್ನೆಲ್ಲಾ ನೋಡಾಕೆ ನೀನು ಬ್ಯಾಡ್ವಾ?"

ಅಪ್ಪ ಮೊದಲ ಸಲ ಈ ಕಡೆ ತಿರುಗಿದ.

"ಯಾವತ್ತು ಸೇರೋದು?"

ಪುಟ್ಟತಾಯಿಗೆ ಹೋದ ಜೀವ ಬಂದಂತಾಯಿತು. ಚಮಚವನ್ನು ಅವನ ಬಾಯಿಯ ಹತ್ತಿರ ಒಯ್ದಳು.

"ನಾಳೆನೇ ಕಣಪ್ಪ. ಬೆಳಗಾದ್ರೆ ನಾವೂ ಸಿಟಿಯೋರೇ."

ಅವನು ಚಮಚವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಹಂಗಾರೆ ಇವತ್ತೇ ಹೋಗ್ಬುಡ್ತೀನಿ ಕಣವ್ವ. ಸಿಟಿ ಆದ್ಮೇಲೆ ಹೊಲದಲ್ಲಿ ಮಣ್ಣು ಮಾಡಾಕೆ ಬಿಡಾಕಿಲ್ವಂತೆ. ನಿಮ್ಮವ್ವ ಅಲ್ಲಿ ಒಬ್ಬಳೇ ಮಲಗವ್ಳೆ."